ಬಿಲ್ಲಿನ ಬೆನ್ನಿಗೆ ಬಟ್ಟೆ ಅಂಟಿಸಬಹುದಾ? ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಮನೆಯಲ್ಲೇ ಮರದ ಬಿಲ್ಲು ಮಾಡುವ ಬಗ್ಗೆ ಕಳೆದ ತಿಂಗಳು ಇಲ್ಲಿ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಷಯ: ಬೆನ್ನಿಗೆ ಬಟ್ಟೆ ಅಂಟಿಸುವುದು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ. ಬಿಲ್ಲು ಹಿಡಿದಾಗ ಗುರಿಯ ಕಡೆ ಇರುವ ಮೈ ಬೆನ್ನು, ನಮ್ಮ ಕಡೆ ಇರುವುದು ಹೊಟ್ಟೆ. ಹಿಡಿಯ ಎರಡೂ ಕಡೆ ಬಾಗುವ ಭಾಗಕ್ಕೆ ತೋಳು ಅಂತೇನೆ.

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿದ್ದ ಹಳೇ ಹಿಪ್ಪುನೇರಳೆ ಮರ ಗಾಳಿಗೆ ಬಿತ್ತು. ಅದರ ಕೊಂಬೆಯಿಂದ ಐದೂವರೆ ಅಡಿಯ ಬಿಲ್ಲು ಮಾಡಿದೆ. ಚೆನ್ನಾಗಿ ಬಾಗುತ್ತಿತ್ತು. ಹೋದ ವಾರ ಮೇಲಿನ ತೋಳಿನ ಬೆನ್ನಲ್ಲಿ, ಹಿಡಿಯಿಂದ ಒಂದು ಗೇಣು ದೂರದಲ್ಲಿ, ಸಣ್ಣ ಸಿಬಿರು ಎದ್ದಿದೆ. ಅಮ್ಮನ ಹಳೇ ರೇಷ್ಮೆ ಸೀರೆ ಇದೆ. ಅದನ್ನು ಅಂಟಿಸಿದರೆ ಬಿಲ್ಲು ಗಟ್ಟಿಯಾಗುತ್ತಾ?
– ಓದುಗರು, ಕನಕಪುರ

ಉತ್ತರ: ಮೊದಲು ಹೆದೆ ಇಳಿಸಿ. ಉತ್ತರ ಆಮೇಲೆ ಓದಿ. ಇನ್ನೊಂದೇ ಒಂದು ಸಲ ಎಳೆದು ನೋಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ ಪೂರ್ತಿ ಎಳೆದಾಗ ಹೆದೆ ಮುಖದ ಪಕ್ಕದಲ್ಲೇ ಇರುತ್ತದೆ, ಮುರಿದರೆ ಮೇಲಿನ ತುಂಡು ನೇರ ತಲೆಯ ಕಡೆಗೆ ಬರಬಹುದು.

ನೀವು ಆರಿಸಿದ ಮರ ಬಹಳ ಒಳ್ಳೆಯದು. ಅಮೆರಿಕದ ಮೂಲನಿವಾಸಿಗಳು ಬಿಲ್ಲಿಗೆ ಹುಡುಕಿಕೊಂಡು ಹೋಗುತ್ತಿದ್ದ ಓಸೇಜ್ ಆರೆಂಜ್ ಮರ ಹಿಪ್ಪುನೇರಳೆಯ ಕುಟುಂಬದ್ದೇ. ನಮ್ಮ ಹಲಸು, ಆಲ ಕೂಡ ಅದೇ ಬಳಗ.

ಈಗ ಬಟ್ಟೆಯ ವಿಷಯ. ಬಿಲ್ಲು ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಹಿಗ್ಗುವುದು ಬಹಳ ಕಡಿಮೆ, ಒಂದು ಮೀಟರ್ ಉದ್ದಕ್ಕೆ ಒಂದು ಸೆಂಟಿಮೀಟರ್‌ಗಿಂತ ಕಮ್ಮಿ. ಅದಕ್ಕಿಂತ ಜಾಸ್ತಿ ಹಿಗ್ಗಿಸಿದರೆ ಮರ ಹರಿಯುತ್ತದೆ. ಬಟ್ಟೆಯ ನೂಲು ಮೇಲೆ ಕೆಳಗೆ ಹಾವಿನ ಹಾಗೆ ಹೋಗಿರುತ್ತದೆ ಅಲ್ವಾ? ಎಳೆದಾಗ ಆ ಅಂಕುಡೊಂಕು ನೇರವಾಗುವಷ್ಟರಲ್ಲೇ ನಮ್ಮ ಒಂದು ಸೆಂಟಿಮೀಟರ್ ಮುಗಿದಿರುತ್ತದೆ. ಹಾಗಾಗಿ ಎಳೆತದ ಭಾರದಲ್ಲಿ ಬಟ್ಟೆ ಹೊರುವುದು ಸ್ವಲ್ಪವೇ. ಬಟ್ಟೆ ಹಾಕಿದರೆ ಬಾಣ ಜಾಸ್ತಿ ದೂರ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಬಟ್ಟೆ ಯಾಕೆ? ಮರ ಒಂದೇ ಏಟಿಗೆ ಮುರಿಯುವುದಿಲ್ಲ. ಎಲ್ಲೋ ಒಂದು ಎಳೆ ಕಡಿದಿರುತ್ತದೆ, ಅಲ್ಲಿಂದ ಕೂದಲಿನಷ್ಟು ತೆಳ್ಳಗೆ ಸಿಬಿರು ಏಳುತ್ತದೆ, ಎದ್ದ ಕಡೆ ಮರ ತೆಳುವಾಗುತ್ತದೆ, ತೆಳುವಾದಲ್ಲೇ ಇನ್ನೂ ಜಾಸ್ತಿ ಬಾಗುತ್ತದೆ, ಅಲ್ಲಿಗೇ ಎಲ್ಲ ಭಾರ ಬಂದು ಕೂರುತ್ತದೆ. ಅಂಟಿನಲ್ಲಿ ನೆನೆದ ಬಟ್ಟೆ ಆ ಮೊದಲ ಸಿಬಿರನ್ನು ಏಳಲು ಬಿಡುವುದಿಲ್ಲ. ಅಷ್ಟೂ ಮೀರಿ ಬಿಲ್ಲು ಮುರಿದರೆ ಎರಡು ತುಂಡನ್ನೂ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಹಾರಲು ಬಿಡುವುದಿಲ್ಲ. ಇವೆರಡಕ್ಕಾಗಿ ಹಾಕಿ. ಈ ಕೆಲಸಕ್ಕೆ ರೇಷ್ಮೆ ಚೆನ್ನಾಗಿ ಒಗ್ಗುತ್ತದೆ. ಅದರ ಎಳೆ ನೂರಕ್ಕೆ ಹದಿನೈದರಷ್ಟು ಹಿಗ್ಗಿದರೂ ಹರಿಯುವುದಿಲ್ಲ, ಮರ ಸೋತ ಮೇಲೂ ಅದು ಹಿಡಿದಿರುತ್ತದೆ. ಅಗಸೆ ನಾರಿನ ಲಿನನ್ ಬಟ್ಟೆ ಬೇರೆ ಥರ. ಹಿಗ್ಗುವುದೇ ಕಮ್ಮಿ, ಹಾಗಾಗಿ ಭಾರದಲ್ಲಿ ಸ್ವಲ್ಪ ಜಾಸ್ತಿ ಪಾಲು ಹೊರುತ್ತದೆ. ಎರಡೂ ಸಿಗುವವರು ಲಿನನ್ ತೆಗೆದುಕೊಳ್ಳಲಿ. ನಿಮ್ಮ ಮನೆಯಲ್ಲಿ ರೇಷ್ಮೆ ಇದೆ, ಅದೇ ಸಾಕು.

ಸಿಬಿರನ್ನು ಕೆತ್ತಿ ತೆಗೆಯಬೇಡಿ. ನನ್ನ ಎರಡನೇ ಬಿಲ್ಲಿಗೆ ನಾನು ಮಾಡಿದ್ದು ಅದೇ. ಎದ್ದ ಎಳೆಯನ್ನು ಅರದಲ್ಲಿ ಉಜ್ಜಿ ನುಣ್ಣಗೆ ಮಾಡಿ ಮೇಲೆ ಕಾಟನ್ ಬಟ್ಟೆ ಅಂಟಿಸಿದೆ. ನೋಡಲು ಬಹಳ ಚೆಂದ ಇತ್ತು. ಉಜ್ಜುವಾಗ ಪಕ್ಕದ ಹತ್ತಿಪ್ಪತ್ತು ಎಳೆಗಳನ್ನೂ ಕಡಿದಿದ್ದೆ ಅಂತ ಆಗ ಗೊತ್ತಾಗಲಿಲ್ಲ. ಮೂರನೇ ದಿನ ಅಲ್ಲೇ ಮುರಿಯಿತು, ಬಟ್ಟೆ ಮಾತ್ರ ಹಿಡಿದುಕೊಂಡಿತ್ತು. ಬಿಚ್ಚಿ ನೋಡಿದರೆ ಬಟ್ಟೆಯ ಕೆಳಗೆ ಮರ ಹಲ್ಲುಹಲ್ಲಾಗಿ ಸೀಳಿತ್ತು.

ಮೊದಲು ಪೂರ್ತಿ ಬೆನ್ನನ್ನು ಪರೀಕ್ಷೆ ಮಾಡಿ. ಒಂದು ಹತ್ತಿಯುಂಡೆ ತೆಗೆದುಕೊಂಡು ಹಿಡಿಯಿಂದ ತುದಿಗೆ, ಆಮೇಲೆ ತುದಿಯಿಂದ ಹಿಡಿಗೆ, ಒತ್ತದೆ ಹಗುರವಾಗಿ ಎಳೆಯಿರಿ. ಕಣ್ಣಿಗೆ ಕಾಣದ ಸಿಬಿರು ಇದ್ದರೆ ಅಲ್ಲಿ ಹತ್ತಿಯ ಒಂದೆರಡು ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಆ ಜಾಗಕ್ಕೆಲ್ಲ ಪೆನ್ಸಿಲ್ ಗುರುತು ಹಾಕಿ. ನೀವು ಒಂದು ಸಿಬಿರು ಅಂತ ಬರೆದಿದ್ದೀರಿ. ಹತ್ತಿ ಎಷ್ಟು ತೋರಿಸುತ್ತದೋ ನೋಡಿ.

ಎದ್ದ ಸಿಬಿರಿನ ಬುಡಕ್ಕೆ ಫೆವಿಕ್ವಿಕ್‌ನಂಥ ತೆಳು ಅಂಟನ್ನು ಹನಿ ಹನಿಯಾಗಿ ಬಿಡಿ. ಬಿಲ್ಲನ್ನು ತೀರಾ ಸ್ವಲ್ಪ ಬಾಗಿಸಿದರೆ ಸೀಳು ಬಾಯಿ ಬಿಟ್ಟು ಅಂಟು ಒಳಗೆ ಇಳಿಯುತ್ತದೆ. ಬಾಗಿಸಿದ್ದನ್ನು ಬಿಟ್ಟ ಮೇಲೆ ಮೇಲೊಂದು ಪ್ಲಾಸ್ಟಿಕ್ ಚೂರು ಇಟ್ಟು ಬಿಗಿಯಾಗಿ ದಾರ ಸುತ್ತಿ ಒಂದು ದಿನ ಬಿಡಿ. ಸಿಬಿರು ಒಂದು ಗೇಣಿಗಿಂತ ಉದ್ದ ಇದ್ದರೆ, ಅಥವಾ ಬಿಲ್ಲಿನ ಅಂಚಿನ ತನಕ ಓಡಿದ್ದರೆ, ಬಟ್ಟೆಯಿಂದ ಆಗುವ ಕೆಲಸ ಅಲ್ಲ. ಆ ಬಿಲ್ಲನ್ನು ಗೋಡೆಗೆ ತೂಗುಹಾಕಿ. ಬೇಜಾರಾಗುತ್ತದೆ, ಗೊತ್ತು.

ಈಗ ಸೀರೆ. ಸೀರೆಯ ಉದ್ದಕ್ಕೆ ಓಡುವುದು ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ನಮಗೆ ಬೇಕಾದ್ದು ಹಾಸಿನ ನೂಲು ಬಿಲ್ಲಿನ ಉದ್ದಕ್ಕೆ ಬರುವುದು. ಆದ್ದರಿಂದ ಅಂಚಿಗೆ ಸಮಾನವಾಗಿ, ಸೀರೆಯ ಉದ್ದಕ್ಕೆ ಪಟ್ಟಿ ಕತ್ತರಿಸಿ. ಐದೂವರೆ ಮೀಟರ್ ಸೀರೆಯಲ್ಲಿ ಜೋಡಣೆಯೇ ಇಲ್ಲದೆ ಒಂದೇ ಪಟ್ಟಿ ಸಿಗುತ್ತದೆ, ಇದು ದೊಡ್ಡ ಅನುಕೂಲ. ಓರೆಯಾಗಿ ಕತ್ತರಿಸಿದ ಬಟ್ಟೆ ರಬ್ಬರಿನ ಹಾಗೆ ಹಿಗ್ಗುತ್ತದೆ, ಅಂಟಿಸಿಯೂ ಪ್ರಯೋಜನ ಇಲ್ಲ. ಜರಿ ಇರುವ ಕಡೆ ಬೇಡ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಹಳೇ ಸೀರೆ ಮಡಿಕೆಯಲ್ಲಿ ಜೀರ್ಣವಾಗಿರುತ್ತದೆ, ಆ ಗೆರೆ ಬಿಟ್ಟು ನೋಡಿ. ಎರಡು ಕೈಯಲ್ಲಿ ಹಿಡಿದು ಜೋರಾಗಿ ಎಳೆಯಿರಿ. ಪರ್ ಅಂತ ಹರಿದರೆ ಆ ಸೀರೆ ಇದಕ್ಕೆ ಆಗುವುದಿಲ್ಲ. ಅಮ್ಮನನ್ನು ಕೇಳಿಯೇ ಕತ್ತರಿಸಿ.

ಪಟ್ಟಿಯನ್ನು ಸೋಪಿನಲ್ಲಿ ತೊಳೆದು ಒಣಗಿಸಿ. ಹೊಸ ಬಟ್ಟೆಯಾದರಂತೂ ತೊಳೆಯಲೇಬೇಕು, ಗಂಜಿ ಇದ್ದರೆ ಅಂಟು ಒಳಗೆ ಇಳಿಯುವುದಿಲ್ಲ. ಬಿಲ್ಲಿನ ಬೆನ್ನಿನ ಮೇಲೆ ಎಣ್ಣೆ, ಮೇಣ, ವಾರ್ನಿಷ್ ಏನಿದ್ದರೂ ತೆಗೆಯಿರಿ. 80ನೇ ನಂಬರ್ ಉಜ್ಜುಕಾಗದದಲ್ಲಿ ಉದ್ದಕ್ಕೆ ಮಾತ್ರ, ಅಡ್ಡ ಬೇಡ, ಮೇಲ್ಮೈ ಮಂಕಾಗುವಷ್ಟು ಉಜ್ಜಿ. ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡೇ ಸಾಕು ಕೆಡಿಸಲು.

ಅಂಟಿಸುವಾಗ ಜೊತೆಗೆ ಒಬ್ಬರಿರಲಿ. ಬೆನ್ನಿಗೆ ಬ್ರಷ್‌ನಲ್ಲಿ ಅಂಟು ಬಳಿಯಿರಿ, ಪಟ್ಟಿಯನ್ನೂ ಅಂಟಿನಲ್ಲಿ ಅದ್ದಿ ಹಿಂಡಿ, ಹಿಡಿಯ ನಡುವಿಗೆ ಕೂರಿಸಿ, ಅಲ್ಲಿಂದ ಒಂದು ತುದಿಗೆ, ಆಮೇಲೆ ಇನ್ನೊಂದು ತುದಿಗೆ ಎಳೆದು ಹಾಸಿ. ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ನಡುವಿನಿಂದ ಹೊರಗೆ ತಳ್ಳುತ್ತಾ ಹೋದರೆ ಒಳಗಿನ ಗಾಳಿ ಗುಳ್ಳೆ, ಹೆಚ್ಚಿನ ಅಂಟು ಎರಡೂ ಆಚೆ ಬರುತ್ತದೆ. ನೂಲಿನ ನೇಯ್ಗೆ ಎದ್ದು ಕಾಣಬೇಕು, ಅಂಟು ಬಿಳೀ ಕೊಳದ ಹಾಗೆ ನಿಂತಿರಬಾರದು. ಪಟ್ಟಿ ಬಿಲ್ಲಿನ ಅಗಲಕ್ಕಿಂತ ಎರಡೂ ಕಡೆ ಅರ್ಧ ಇಂಚು ಜಾಸ್ತಿ ಇರಲಿ, ಅದನ್ನು ಪಕ್ಕಕ್ಕೆ ಮಡಚಿ ಒತ್ತಿ. ಒಣಗಿದ ಮೇಲೆ ಬ್ಲೇಡಿನಲ್ಲಿ ಸರಿ ಮಾಡಬಹುದು. ಒಣಗುವಾಗ ಹಿಡಿಯ ಕೆಳಗೆ ಇಟ್ಟಿಗೆ ಚೂರು ಕೊಡದೆ ಎರಡು ತುದಿಗಳ ಕೆಳಗೆ ಕೊಟ್ಟು, ಬೆನ್ನು ಮೇಲೆ ಮಾಡಿ, ನಡುವನ್ನು ಒಂದು ಇಂಚು ಕೆಳಕ್ಕೆ ಕಟ್ಟಿ. ಅಂದರೆ ಬಿಲ್ಲು ಉಲ್ಟಾ ಬಾಗಿದ ಸ್ಥಿತಿಯಲ್ಲಿ ಬಟ್ಟೆ ಒಣಗುತ್ತದೆ. ಆಮೇಲೆ ಹೆದೆ ಏರಿಸಿದಾಗ ಬಟ್ಟೆ ಮೊದಲಿನಿಂದಲೇ ಬಿಗಿಯಾಗಿರುತ್ತದೆ.

ಆಮೇಲೆ ಕಾಯಬೇಕು. ಮುಟ್ಟಿದರೆ ಒಂದೇ ದಿನಕ್ಕೆ ಒಣಗಿದ ಹಾಗೆ ಇರುತ್ತದೆ, ಆದರೆ ಅಂಟಿನ ನೀರು ಮರದೊಳಗೆ ಹೋಗಿರುತ್ತದೆ. ಒಂದು ವಾರ ಮುಟ್ಟಬೇಡಿ.

ಪ್ರಶ್ನೆ: ಫೆವಿಕಾಲ್ ಸಾಕಾ, ಅರಾಲ್ಡೈಟ್ ಬೇಕಾ? ನಮ್ಮಲ್ಲಿ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ.
– ಓದುಗರು, ಮಂಗಳೂರು

ಉತ್ತರ: ಬಟ್ಟೆಗೆ ಮಾಮೂಲಿ ಬಿಳಿ ಅಂಟು ಚೆನ್ನಾಗಿಯೇ ಹಿಡಿಯುತ್ತದೆ. ನಿಮ್ಮ ಊರಿಗೆ ಮಾತ್ರ ನೀರು ತಡೆಯುವ ಬಗೆಯದ್ದು, ಮರೈನ್ ಅಂತ ಬರೆದಿರುವುದು, ತೆಗೆದುಕೊಳ್ಳಿ. ಅರಾಲ್ಡೈಟ್ ಥರದ ಎರಡು ಟ್ಯೂಬಿನ ಎಪಾಕ್ಸಿಗೆ ನೀರಿನ ಭಯ ಇಲ್ಲ, ಮರಕ್ಕೆ ತೇವ ಕೊಡುವುದೂ ಇಲ್ಲ. ಆದರೆ ಬೇಗ ಗಟ್ಟಿಯಾಗುವ ಬಗೆ ತಂದರೆ ಅರ್ಧ ಬಿಲ್ಲು ಮುಗಿಯುವಷ್ಟರಲ್ಲಿ ಬಟ್ಟಲಲ್ಲೇ ಕಲ್ಲಾಗುತ್ತದೆ. ನಿಧಾನಕ್ಕೆ ಹಿಡಿಯುವುದನ್ನೇ ಕೇಳಿ ತನ್ನಿ, ಕೈಗವಸು ಹಾಕಿಕೊಳ್ಳಿ, ಕಿಟಕಿ ತೆಗೆದಿಡಿ.

ನಿಜ ಹೇಳಬೇಕೆಂದರೆ ನಿಮ್ಮ ಕಷ್ಟ ಅಂಟಿನದ್ದಲ್ಲ, ಮರದ್ದು. ಬಿಲ್ಲಿನ ಮರದಲ್ಲಿ ತೇವ ನೂರಕ್ಕೆ 8ರಿಂದ 10 ಇದ್ದರೆ ಹದ. ಆಷಾಢದಲ್ಲಿ ಕರಾವಳಿಯಲ್ಲಿ ಹೊರಗಿಟ್ಟ ಮರ ಅದಕ್ಕಿಂತ ಎಷ್ಟೋ ಜಾಸ್ತಿ ತೇವ ಕುಡಿದಿರುತ್ತದೆ. ತೇವ ಜಾಸ್ತಿಯಾದ ಬಿಲ್ಲು ಮುರಿಯುವುದು ಕಮ್ಮಿ, ಆದರೆ ಜೋಲುತ್ತದೆ. ಹೆದೆ ಇಳಿಸಿದ ಮೇಲೂ ಬಾಗಿಕೊಂಡೇ ಇರುತ್ತದೆ, ಆ ಬಾಗು ಮತ್ತೆ ಹೋಗುವುದಿಲ್ಲ. ಬಟ್ಟೆ ಇದನ್ನು ತಡೆಯುವುದಿಲ್ಲ. ಮಲೆನಾಡಿನ ಹಳೇ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಇರುತ್ತದಲ್ಲ, ಬಿಲ್ಲು ಇಡಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಅಟ್ಟ ಇಲ್ಲದಿದ್ದರೆ ಫ್ರಿಜ್ ಹಿಂದಿನ ಬೆಚ್ಚಗಿನ ಜಾಗ ಆದೀತು. ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ಗ್ರಾಮ್ ಲೆಕ್ಕದಲ್ಲಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಆ ಜಾಗದಲ್ಲಿ ಒಣಗಬಹುದಾದಷ್ಟು ಒಣಗಿದೆ ಅಂತ ಅರ್ಥ. ಬಟ್ಟೆ ಅಂಟಿಸುವ ಮೊದಲೂ, ಅಂಟಿಸಿ ಕಾಯುವಾಗಲೂ ಇದೇ ಲೆಕ್ಕ. ಮಳೆಗಾಲದಲ್ಲಾದರೆ ನಾನು ಹೇಳಿದ ಒಂದು ವಾರವನ್ನು ಎರಡು ಮಾಡಿ. ಸಾಧ್ಯವಾದರೆ ದೀಪಾವಳಿ ತನಕ ಕಾಯಿರಿ.

ಈ ತೇವದ ಕಾಟ ಹೊಸದೇನಲ್ಲ. ಮೊಘಲರ ಕಾಲದ ಒಳ್ಳೆಯ ಬಿಲ್ಲುಗಳಲ್ಲಿ ನಡುವೆ ಮರ, ಹೊಟ್ಟೆಗೆ ಎಮ್ಮೆ ಕೊಂಬು, ಬೆನ್ನಿಗೆ ಪ್ರಾಣಿಯ ಸ್ನಾಯುವಿನ ನಾರು, ಎಲ್ಲ ಪ್ರಾಣಿಜನ್ಯ ಅಂಟಿನಲ್ಲಿ ಕೂಡಿಸಿದ್ದು. ಆ ಅಂಟು ತೇವ ತಡೆದುಕೊಳ್ಳುವುದೇ ಇಲ್ಲ, ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಭಾರತದಲ್ಲಿ ಉಕ್ಕಿನ ಬಿಲ್ಲುಗಳನ್ನೂ ಮಾಡುತ್ತಿದ್ದರು. ಬಾಣ ಅಷ್ಟು ಚುರುಕಾಗಿ ಹೋಗದಿದ್ದರೂ ಮಳೆ, ಹುಳು, ದಾಸ್ತಾನು ಯಾವುದಕ್ಕೂ ಅದು ಜಗ್ಗುತ್ತಿರಲಿಲ್ಲ.

ಇದೇ ಮಾತು ರಾಯಚೂರು, ಕಲಬುರಗಿ ಕಡೆಯವರಿಗೆ ಉಲ್ಟಾ. ಅಲ್ಲಿ ಏಪ್ರಿಲ್‌ನಲ್ಲಿ ಮರ ಅತಿಯಾಗಿ ಒಣಗಿ ಹಪ್ಪಳದ ಹಾಗೆ ಚಟ್ ಅನ್ನುತ್ತದೆ. ಬಟ್ಟೆ ನಿಜಕ್ಕೂ ಉಪಯೋಗಕ್ಕೆ ಬರುವುದು ಅಂಥ ಕಡೆ. ಆದರೆ ಬಿಳಿ ಅಂಟು ಬಿಸಿಗೆ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಲ್ಲು ಬಿಡಬೇಡಿ.

ಪ್ರಶ್ನೆ: ಇಲ್ಲಿ ಅಂಗಡಿಯಲ್ಲಿ ಸಿಗುವ ರೆಡ್ ಓಕ್ ಹಲಗೆಯಿಂದ ಮಗಳಿಗೆ ಬಿಲ್ಲು ಮಾಡಬೇಕು ಅಂತಿದ್ದೇನೆ. ಬಟ್ಟೆ ಕಡ್ಡಾಯವಾ?
– ಓದುಗರು, ಒಹಾಯೋ, ಅಮೆರಿಕ

ಉತ್ತರ: ಹಲಗೆ ಅಂದರೆ ಗರಗಸ ಹೋದ ದಾರಿ. ಕೊಂಬೆಯಲ್ಲಾದರೆ ತೊಗಟೆ ಸುಲಿದಾಗ ಸಿಗುವ ಮೈಯಲ್ಲಿ ಎಳೆಗಳು ಈ ತುದಿಯಿಂದ ಆ ತುದಿಗೆ ಕಡಿಯದೆ ಇರುತ್ತವೆ. ಹಲಗೆಯಲ್ಲಿ ಗರಗಸ ಎಳೆಗಳನ್ನು ಅಲ್ಲಲ್ಲಿ ಕಡಿದೇ ಇರುತ್ತದೆ. ಹಾಗಾಗಿ ಹಲಗೆ ಬಿಲ್ಲಿಗೆ, ಅದೂ ಮಗುವಿನ ಕೈಗೆ ಕೊಡುವುದಕ್ಕೆ, ಕಡ್ಡಾಯ ಅಂತಲೇ ಹೇಳುತ್ತೇನೆ.

ಆದರೂ ಅರ್ಧ ಕೆಲಸ ಅಂಗಡಿಯಲ್ಲೇ ಆಗಬೇಕು. ಒಂದು ಇಂಚು ಎರಡು ಇಂಚು ಅಂತ ಮಾರುವ ಹಲಗೆ ನಿಜಕ್ಕೆ ಮುಕ್ಕಾಲು ಇಂಚು ದಪ್ಪ, ಒಂದೂವರೆ ಇಂಚು ಅಗಲ ಇರುತ್ತದೆ. ರಾಶಿಯನ್ನೆಲ್ಲ ಎತ್ತಿ ನೋಡಿ. ಅಗಲದ ಮೈ ಮೇಲೆ ಗೆರೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ರೈಲು ಹಳಿಯ ಹಾಗೆ ನೇರ ಓಡಿರಬೇಕು. ನಡುವೆ ಅಂಚಿಗೆ ಓಡಿ ಮಾಯವಾದರೆ ಅಲ್ಲೇ ಸೀಳುತ್ತದೆ. ಪಕ್ಕದ ಮೈಯನ್ನೂ ಹೀಗೇ ನೋಡಿ. ಗಂಟು ಇದ್ದರೆ ವಾಪಸ್ ಇಡಿ. ಐವತ್ತು ಹಲಗೆಯಲ್ಲಿ ಒಂದು ಸಿಕ್ಕರೂ ಅದೃಷ್ಟ. ಓಕ್ ಬದಲು ಹಿಕರಿ ಸಿಕ್ಕರೆ ಎರಡನೇ ಯೋಚನೆ ಬೇಡ, ಹಿಗ್ಗಿ ತಡೆಯುವುದರಲ್ಲಿ ಅದರ ಸಮ ಕಡಿಮೆ. ಅಲ್ಲಿನವರು ಬೇರೆ ಮರದ ಬಿಲ್ಲಿಗೆ ಹಿಕರಿಯ ತೆಳು ಪಟ್ಟಿಯನ್ನೇ ಬೆನ್ನಿಗೆ ಅಂಟಿಸುತ್ತಾರೆ.

ಉದ್ದ ಆರು ಅಡಿ ಇಟ್ಟುಕೊಳ್ಳಿ, ಮಗಳಿಗೆ ದೊಡ್ಡದಾಯಿತು ಅನ್ನಿಸಿದರೂ ಪರವಾಗಿಲ್ಲ. ಉದ್ದ ಬಿಲ್ಲಿನ ಮೇಲೆ ಒತ್ತಡ ಕಮ್ಮಿ. ಹಲಗೆ ಬಿಲ್ಲಿಗೆ ಬಟ್ಟೆಯನ್ನು ಕೊನೆಗೆ ಅಂಟಿಸುವುದಲ್ಲ. ಆಕಾರ ಕತ್ತರಿಸಿ, ಒರಟಾಗಿ ತೆಳು ಮಾಡಿ, ನೆಲಕ್ಕೆ ಊರಿ ಒತ್ತಿದಾಗ ಸ್ವಲ್ಪ ಬಾಗುವ ಹಂತಕ್ಕೆ ಬಂದಾಗಲೇ ಅಂಟಿಸಿ. ಆಮೇಲೆ ಹೊಟ್ಟೆಯ ಕಡೆಯಿಂದ ಮಾತ್ರ ಹೆರೆಯುತ್ತಾ ಬಾಗು ಸರಿ ಮಾಡಿ. ಬಹಳ ಬಿಲ್ಲು ಮುರಿಯುವುದು ಬಾಗು ಸರಿ ಮಾಡುವ ದಿನಗಳಲ್ಲೇ. ಹೆರೆಯುವಾಗ ಒಂದು ಲೆಕ್ಕ ನೆನಪಿರಲಿ: ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟಾಗುತ್ತದೆ. ಅಗಲ ಎರಡರಷ್ಟಾದರೆ ಬರೀ ಎರಡರಷ್ಟು. ಹೊಟ್ಟೆಯಿಂದ ಕಾಗದದಷ್ಟು ತೆಗೆದರೂ ಗೊತ್ತಾಗುತ್ತದೆ. ಹಾಗಾಗಿ ನಾಲ್ಕು ಸಲ ಹೆರೆದು, ಇಪ್ಪತ್ತು ಸಲ ಸ್ವಲ್ಪವೇ ಎಳೆದು, ನೋಡಿ, ಮತ್ತೆ ಹೆರೆಯಿರಿ.

ಬಟ್ಟೆಗೆ ಅಲ್ಲಿ ಲಿನನ್ ಸುಲಭವಾಗಿ ಸಿಗುತ್ತದೆ. ಗೋಣಿ ಬಟ್ಟೆಯೂ ಆಗುತ್ತದೆ, ಒರಟು ನೇಯ್ಗೆಯೊಳಗೆ ಅಂಟು ಚೆನ್ನಾಗಿ ಇಳಿಯುತ್ತದೆ, ಆದರೆ ತೂಕ ಜಾಸ್ತಿ. ತುದಿಗಳಲ್ಲಿ ತೂಕ ಸೇರಿದಷ್ಟೂ ಬಾಣ ನಿಧಾನ, ಅಲ್ಲಿ ಅಂಟು ಮೆತ್ತಬೇಡಿ.

ಪ್ರಶ್ನೆ: ಬಿದಿರಿನ ಬಿಲ್ಲಿಗೂ ಬಟ್ಟೆ ಬೇಕಾ?
– ಓದುಗರು, ಎಚ್.ಡಿ. ಕೋಟೆ

ಉತ್ತರ: ಬೇಡ. ಬಿದಿರಿನಲ್ಲಿ ಗಟ್ಟಿ ನಾರೆಲ್ಲ ಹೊರಗಿನ ಹೊಳಪು ಮೈಯ ಹತ್ತಿರವೇ ಒತ್ತೊತ್ತಾಗಿ ಇರುತ್ತದೆ, ಒಳಗೆ ಹೋದಷ್ಟೂ ವಿರಳ. ಹೊರಮೈಯನ್ನೇ ಬೆನ್ನು ಮಾಡಿಕೊಳ್ಳುವವರು ಅದಕ್ಕೆ ಉಳಿ, ಅರ ಏನೂ ತಾಗಿಸಬಾರದು. ಗಿಣ್ಣಿನ ಉಬ್ಬನ್ನೂ ಪೂರ್ತಿ ಸಮ ಮಾಡಬೇಡಿ. ಎಷ್ಟೇ ತೆಳು ಮಾಡಬೇಕಾದರೂ ಒಳಗಿನಿಂದಲೇ ತೆಗೆಯಿರಿ. ನಮ್ಮ ರಾಷ್ಟ್ರೀಯ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಬಿದಿರಿನ ಬಿಲ್ಲಿಗೆ ಇಂಡಿಯನ್ ರೌಂಡ್ ಅಂತ ಬೇರೆ ವಿಭಾಗವೇ ಇದೆ. ಮಧ್ಯ ಭಾರತದ ಭಿಲ್ ಸಮುದಾಯದವರು ಹೆದೆಯನ್ನೂ ಬಿದಿರಿನ ಸೀಳಿನಿಂದಲೇ ಮಾಡುತ್ತಾರೆ. ಬಿದಿರಿನ ನಾರಿನ ಮೇಲೆ ಅವರಿಗಿರುವ ನಂಬಿಕೆ ಅಷ್ಟು.

ಬಟ್ಟೆಗಿಂತ ಒಂದು ಹೆಜ್ಜೆ ಮುಂದೆ ಹೋಗುವ ಆಸೆ ಇರುವವರು ಯೋಚಿಸಬೇಕಾದ್ದೂ ಬಿದಿರನ್ನೇ. ಎರಡು ಮೂರು ಮಿಲಿಮೀಟರ್‌ಗೆ ತೆಳು ಮಾಡಿದ ಬಿದಿರಿನ ಪಟ್ಟಿಯನ್ನು ಮರದ ಬೆನ್ನಿಗೆ ಅಂಟಿಸಿದರೆ ಅದು ನಿಜವಾಗಿ ಭಾರ ಹೊರುತ್ತದೆ. ಆದರೆ ಎಚ್ಚರ. ಬೆನ್ನು ಅತಿ ಗಟ್ಟಿಯಾಗಿ ಹೊಟ್ಟೆಯ ಮರ ಮೆದುವಾದರೆ ಹೊಟ್ಟೆ ಸೋಲುತ್ತದೆ. ಹೊಟ್ಟೆಯ ಮೇಲೆ ಅಡ್ಡಕ್ಕೆ ಉಗುರಿನ ಗೀರಿನಂಥ ಸಣ್ಣ ಸುಕ್ಕು ಗೆರೆ ಕಂಡರೆ ಅದೇ ಗುರುತು. ಅದಕ್ಕೆ ಬಟ್ಟೆಯಲ್ಲಿ ಮದ್ದಿಲ್ಲ, ಅಂಟಿನಲ್ಲೂ ಇಲ್ಲ.

ಪ್ರಶ್ನೆ: ವಿಡಿಯೋಗಳಲ್ಲಿ ಬಿಲ್ಲಿಗೆ ಹಾವಿನ ಚರ್ಮ ಅಂಟಿಸುವುದನ್ನು ನೋಡಿದೆ. ಇಲ್ಲಿ ಮಾಡಬಹುದಾ?
– ಓದುಗರು, ಶಿರಸಿ

ಉತ್ತರ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಹಾವಿನ ಚರ್ಮ ಇಟ್ಟುಕೊಂಡರೂ ಕೇಸು. ಅದು ಅಲ್ಲದೆ ಹಾವಿನ ಚರ್ಮ ಅಲಂಕಾರಕ್ಕೆ ಮಾತ್ರ, ಬಲ ಇಲ್ಲ. ಚೆಂದ ಬೇಕಿದ್ದರೆ ಇಳಕಲ್ ಸೀರೆಯ ಹಳೇ ಚೂರು ಹಾಕಿ ಮೇಲೆ ತೆಳುವಾಗಿ ವಾರ್ನಿಷ್ ಕೊಡಿ. ನಾನು ಒಂದು ಮಾಡಿದ್ದೇನೆ. ಆ ಕಡುಗೆಂಪು ವಾರ್ನಿಷ್ ಕೆಳಗೆ ಇನ್ನೂ ಗಾಢವಾಗಿ ಕಾಣುತ್ತದೆ.

ಪ್ರಶ್ನೆ: ಬಟ್ಟೆ ಅಂಟಿಸಿ ಹತ್ತು ದಿನ ಆಯಿತು. ಎಳೆಯುವಾಗ ಎಲ್ಲೋ ಟಿಕ್ ಅಂತ ಸದ್ದು ಬರುತ್ತದೆ. ಬೆನ್ನಲ್ಲಿ ಏನೂ ಕಾಣುವುದಿಲ್ಲ. ಮುಂದುವರಿಸಲಾ?
– ಓದುಗರು, ಧಾರವಾಡ

ಉತ್ತರ: ಕಾಣುವುದಿಲ್ಲ ಯಾಕೆಂದರೆ ಮೇಲೆ ಬಟ್ಟೆ ಇದೆ. ಬಟ್ಟೆ ಹಾಕುವುದರಲ್ಲಿ ಇರುವ ನಿಜವಾದ ತೊಂದರೆ ಇದು, ಕಣ್ಣಿಗೆ ಕಾಣಬೇಕಾದ್ದನ್ನು ಮುಚ್ಚುತ್ತದೆ. ಹೆದೆ ಇಳಿಸಿ, ಕತ್ತಲೆ ಕೋಣೆಗೆ ಹೋಗಿ, ಟಾರ್ಚನ್ನು ಬೆನ್ನಿಗೆ ಅಡ್ಡಲಾಗಿ ಮಲಗಿಸಿ ಬೆಳಕು ಬಿಡಿ. ಕೆಳಗೆ ಸಿಬಿರು ಎದ್ದಿದ್ದರೆ ಬಟ್ಟೆಯ ಮೇಲೆ ಸಣ್ಣ ದಿಬ್ಬದ ನೆರಳು ಬೀಳುತ್ತದೆ. ಆಮೇಲೆ ಉಗುರಿನಿಂದ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಅಂಟು ಬಿಟ್ಟ ಕಡೆ ಸದ್ದು ಟೊಳ್ಳಾಗಿ ಬರುತ್ತದೆ.

ಬರೀ ಅಂಟು ಬಿಟ್ಟಿದ್ದರೆ ಇಂಜೆಕ್ಷನ್ ಸಿರಿಂಜಿನಲ್ಲಿ ತೆಳು ಅಂಟು ಒಳಗೆ ಬಿಟ್ಟು ಒತ್ತಿ ಕಟ್ಟಿ, ಮತ್ತೆ ಒಂದು ವಾರ ಕಾಯಿರಿ. ಸದ್ದು ಹೆದೆಯ ಕುಣಿಕೆ ಕಚ್ಚಿನಲ್ಲಿ ಜಾರುವುದರಿಂದಲೂ ಬರಬಹುದು, ಅಲ್ಲಿಗೆ ಸ್ವಲ್ಪ ಮೇಣ ಹಚ್ಚಿ ನೋಡಿ. ದಿಬ್ಬ ಕಂಡರೆ ಮಾತ್ರ ಬಟ್ಟೆ ಕಿತ್ತು ನೋಡಲೇಬೇಕು. ಬಿಳಿ ಅಂಟಾದರೆ ಬಿಸಿ ಇಸ್ತ್ರಿ ಪೆಟ್ಟಿಗೆಯನ್ನು ಒದ್ದೆ ಬಟ್ಟೆಯ ಮೇಲಿಂದ ಇಟ್ಟರೆ ಮೆತ್ತಗಾಗಿ ಸುಲಿದು ಬರುತ್ತದೆ. ಎಪಾಕ್ಸಿ ಆದರೆ ಉಜ್ಜಿಯೇ ತೆಗೆಯಬೇಕು, ಮರದ ಮಟ್ಟಕ್ಕೆ ಬರುವ ಮೊದಲೇ ನಿಲ್ಲಿಸಿ.

ಎಲ್ಲ ಸರಿ ಇದೆ ಅನ್ನಿಸಿದರೂ ಮೊದಲ ದಿನ ಪೂರ್ತಿ ಎಳೆಯಬೇಡಿ. ಬಿಲ್ಲನ್ನು ಗೋಡೆಯ ಗೂಟಕ್ಕೆ ಅಡ್ಡ ಕೂರಿಸಿ, ಹೆದೆಗೆ ಹಗ್ಗ ಕಟ್ಟಿ, ಕೆಳಗೊಂದು ರಾಟೆಯಲ್ಲಿ ಹಾಯಿಸಿ, ನಾಲ್ಕು ಮಾರು ದೂರ ನಿಂತು ಹಗ್ಗ ಎಳೆಯಿರಿ. ನಡುವೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿದರೆ ಎಷ್ಟು ತೂಕಕ್ಕೆ ಎಳೆದಿದ್ದೀರಿ ಅನ್ನುವುದೂ ತಿಳಿಯುತ್ತದೆ. ವಾಪಸ್ ಬಿಡುವಾಗ ನಿಧಾನಕ್ಕೆ ಬಿಡಿ. ಬಾಣ ಇಲ್ಲದೆ ಹೆದೆಯನ್ನು ಚಟ್ ಅಂತ ಬಿಟ್ಟರೆ ಬಾಣಕ್ಕೆ ಹೋಗಬೇಕಾದ ಬಲ ಪೂರ್ತಿ ಬಿಲ್ಲಿಗೇ ತಿರುಗುತ್ತದೆ. ಅರ್ಧ ಎಳೆತಕ್ಕೆ ಮೂವತ್ತು ಸಲ, ಮುಕ್ಕಾಲಿಗೆ ಮೂವತ್ತು ಸಲ. ಟಿಕ್ ಮತ್ತೆ ಕೇಳಿಸಿದರೆ ಎಷ್ಟು ಇಂಚಿಗೆ ಕೇಳಿಸಿತು, ಯಾವ ತೋಳಿನಲ್ಲಿ ಕೇಳಿಸಿತು ಅಂತ ಬರೆದು ಕಳಿಸಿ. ಜೊತೆಗೆ ಟಾರ್ಚ್ ಬೆಳಕಿನಲ್ಲಿ ತೆಗೆದ ಒಂದು ಫೋಟೋ ಇರಲಿ.